ಚಿಕ್ಕಪ್ಪನ 110

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರ ಮಾತು ಈಚೆಗೆ ಬದಲಾಗಿದೆ. ಮೊದಲು ಶುಗರ್ ಎಷ್ಟು, ಬಿಪಿ ಎಷ್ಟು, ಮಗ ಯಾವಾಗ ಬರ್ತಾನೆ ಅನ್ನುವುದಿತ್ತು. ಈಗ ಅದರ ಜೊತೆಗೆ ‘ನಿಮ್ಮದು ಎಷ್ಟಕ್ಕೆ ಹೋಗುತ್ತೆ?’ ಎಂಬುದೂ ಸೇರಿದೆ. ಕೇಳುವವರು, ಉತ್ತರ ಹೇಳುವವರು ಇಬ್ಬರೂ ಮಣಿಕಟ್ಟು ತಿರುಗಿಸಿ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದು ವಾಚು ನೋಡಿಕೊಳ್ಳುತ್ತಾರೆ. ಒಮ್ಮೆ ನನ್ನ ಮುಂದೆ ಹೋಗುತ್ತಿದ್ದ ಹೆಂಗಸೊಬ್ಬರು ‘130 ದಾಟ್ತು!’ ಎಂದು ಗೆಳತಿಗೆ ಖುಷಿಯಿಂದ ಹೇಳಿದರು. ಅದೇ ಏರಿಯ ಮೇಲೆ ಇನ್ನೊಬ್ಬರು, ಐವತ್ತರ ಆಸುಪಾಸಿನವರು, ಕಲ್ಲುಬೆಂಚಿನ ಮೇಲೆ ಕೂತು ಯಾರಿಗೋ ಫೋನಿನಲ್ಲಿ ‘130 ಆಗೋಯ್ತು, ಅದಕ್ಕೇ ಕೂತ್ಕೊಂಡೆ’ ಎನ್ನುತ್ತಿದ್ದರು. ಅಂಕಿ ಒಂದೇ. ಒಬ್ಬರಿಗೆ ಅದು ಮುಟ್ಟಬೇಕಾದದ್ದು, ಇನ್ನೊಬ್ಬರಿಗೆ ದಾಟಬಾರದ್ದು. ಇಬ್ಬರಿಗೂ ಅದನ್ನು ಹೇಳಿದವರು ಯಾರು, ಯಾವ ಲೆಕ್ಕದ ಮೇಲೆ ಹೇಳಿದರು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದು ಮಾತ್ರ ಚಿಕ್ಕಪ್ಪನಿಂದ.

ಲೆಕ್ಕದ ಮೇಷ್ಟರ ಲೆಕ್ಕ

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. 62 ವರ್ಷ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ‘ದಿನಾ ಬಿರುಸಾಗಿ ನಡೀರಿ’ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅಮೆರಿಕದಲ್ಲಿರುವ ಮಗಳು ಕೈಗೆ ಕಟ್ಟುವ ವಾಚು ಕಳಿಸಿದಳು. ಆಮೇಲೆ ಯಾರೋ 220ರ ಲೆಕ್ಕ ಹೇಳಿದರು. 220ರಿಂದ ವಯಸ್ಸು ಕಳೆ, ಉಳಿದದ್ದು ನಿನ್ನ ಎದೆ ಗರಿಷ್ಠ ಎಷ್ಟು ಬಡಿಯಬಹುದೋ ಅಷ್ಟು; ವ್ಯಾಯಾಮ ಮಾಡುವಾಗ ಅದರ ಶೇ 70ಕ್ಕೆ ಬರಬೇಕು. 220ರಲ್ಲಿ 62 ಹೋದರೆ 158. ಅದರ ಶೇ 70 ಎಂದರೆ ಹೆಚ್ಚುಕಮ್ಮಿ 110. ಚಿಕ್ಕಪ್ಪ ಆ 110ನ್ನು ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಅದರ ಮುಂದಿನ ಪುಟಗಳಲ್ಲಿ ದಿನವೂ ನಡೆದು ಬಂದ ಮೇಲೆ ಬರೆದ ಅಂಕಿಗಳು: 91, 94, 93, 96, 92.

ಅವರ ಜೊತೆ ನಾನು ನಡೆಯಲು ಹೋದದ್ದು ಚಿಕ್ಕಮ್ಮ ಫೋನು ಮಾಡಿ ‘ನಿಮ್ಮ ಚಿಕ್ಕಪ್ಪ ವಾಕಿಂಗ್ ಅಂತ ಹೋಗಿ ಸುಸ್ತಾಗಿ ಬರ್ತಾರೆ, ತಿಂಡಿ ಕೂಡ ಬೇಡ ಅಂತಾರೆ, ಸ್ವಲ್ಪ ನೋಡೇ’ ಎಂದಾಗ. ಕೆರೆಯ ಅರ್ಧ ಸುತ್ತು ಬರುವಷ್ಟರಲ್ಲಿ ಅವರ ಹೆಜ್ಜೆ ಓಟಕ್ಕೆ ತಿರುಗಿತ್ತು. ಕೈ ಬೀಸುವ ರಭಸಕ್ಕೆ ಶಲ್ಯ ಜಾರಿ ಹೆಗಲಿನಿಂದ ಬಿತ್ತು. ಮಾತಾಡಿಸಿದರೆ ಒಂದೊಂದೇ ಶಬ್ದದಲ್ಲಿ ಉತ್ತರ. ನಾನು ಹೆದರಿ ‘ಚಿಕ್ಕಪ್ಪ, ಸ್ವಲ್ಪ ನಿಂತ್ಕೊಳ್ಳಿ’ ಎಂದೆ. ನಿಂತರು. ವಾಚು ನೋಡಿಕೊಂಡರು. 97. ಅವರ ಮುಖದಲ್ಲಿ ಆಗ ಕಂಡ ಸೋಲು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ‘ಇವತ್ತೂ ಮುಟ್ಟಲಿಲ್ಲ ಕಣೆ. ಲೆಕ್ಕ ತಪ್ಪಿಲ್ಲ, ಮೂರು ಸಲ ನೋಡಿದೀನಿ. ಹಾಗಾದ್ರೆ ನನ್ನ ಎದೇನೇ ಹೋಗಿದೆ ಅಂತ ಆಯ್ತಲ್ಲ.’

ಎದೆ ಹೋಗಿರಲಿಲ್ಲ. ಅವರ ಔಷಧಿಯ ಡಬ್ಬಿಯಲ್ಲಿ ಮೆಟೊಪ್ರೊಲಾಲ್ ಇತ್ತು. ಹೃದಯದ ತೊಂದರೆ ಆದವರಿಗೆ, ಬಿಪಿ ಇರುವವರಿಗೆ ಡಾಕ್ಟರು ಬರೆದುಕೊಡುವ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ಅದು; ಅಟೆನೊಲಾಲ್ ಕೂಡ ಅದೇ ಜಾತಿ. ನಾವು ಬಿರುಸಾಗಿ ನಡೆದಾಗ, ಹೆದರಿದಾಗ, ಸಿಟ್ಟು ಬಂದಾಗ ರಕ್ತಕ್ಕೆ ಅಡ್ರಿನಲಿನ್ ಸುರಿದು ‘ಬೇಗ ಬಡಿ’ ಎಂದು ಹೃದಯಕ್ಕೆ ಹೇಳುತ್ತದಲ್ಲ, ಈ ಮಾತ್ರೆ ಆ ಸಂದೇಶ ಹೃದಯಕ್ಕೆ ತಲುಪದ ಹಾಗೆ ತಡೆಯುತ್ತದೆ. ಹೃದಯಕ್ಕೆ ಕೆಲಸದ ಹೊರೆ ಕಡಿಮೆಯಾಗಲಿ ಎಂದೇ ಅದನ್ನು ಕೊಡುವುದು. ಕೂತಾಗಲೂ ಬಡಿತ ಕಡಿಮೆ, ನಡೆದಾಗಲೂ ಏರುವುದು ಕಡಿಮೆ. ಅಂದರೆ 110 ಮುಟ್ಟದಿರುವುದು ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಮೇಷ್ಟರು ಅದೇ ಗುರುತನ್ನು ತಮ್ಮ ಸೋಲೆಂದು ದಿನವೂ ಡೈರಿಯಲ್ಲಿ ಬರೆದುಕೊಂಡು, ಮಾರನೆಯ ದಿನ ಇನ್ನಷ್ಟು ಬಿರುಸಾಗಿ ಹೋಗುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಭಯವಾಗುತ್ತದೆ. ಇನ್ನೂ ಭಯವಾದದ್ದು, ‘ಒಂದು ವಾರ ಆ ಮಾತ್ರೆ ಬಿಟ್ಟು ನೋಡಲಾ?’ ಎಂದು ಅವರು ಕೇಳಿದಾಗ. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯ. ಡಾಕ್ಟರನ್ನು ಕೇಳದೆ ಯಾರೂ ಆ ಕೆಲಸ ಮಾಡಬಾರದು.

ಹೃದ್ರೋಗ ತಜ್ಞರ ಹತ್ತಿರ ಹೋದೆವು. ಅವರು ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು, ‘ದಿನದ ಮಾತ್ರೆ ತಗೊಂಡೇ ಬನ್ನಿ’ ಎಂದು ಒತ್ತಿ ಹೇಳಿ. ನಡೆಯುವವರು ಮಾತ್ರೆ ತೆಗೆದುಕೊಂಡ ಚಿಕ್ಕಪ್ಪನೇ ತಾನೆ? ಇಸಿಜಿ ತಂತಿಗಳ ಜೊತೆ ಟ್ರೆಡ್‌ಮಿಲ್ ಮೇಲೆ ನಡೆಸಿ, ಎಲ್ಲಿಯವರೆಗೆ ಆರಾಮ, ಎಲ್ಲಿಂದ ಕಷ್ಟ ಎಂದು ನೋಡಿ, ‘88ರಿಂದ 98ರ ಒಳಗೆ ಇರಲಿ. ಮಾತಾಡೋಕೆ ಆಗ್ತಿಲ್ಲ ಅನ್ನಿಸಿದ್ರೆ ಅಂಕಿ ಏನೇ ಇರ್ಲಿ ನಿಧಾನ ಮಾಡಿ’ ಎಂದರು. ಅಷ್ಟು ದಿನ ಡೈರಿಯಲ್ಲಿ ಬರೆದಿದ್ದ ಪ್ರತಿಯೊಂದು ಅಂಕಿಯೂ ಅವರ ಗುರಿಯ ಒಳಗೇ ಇತ್ತು.

220 ಎಲ್ಲಿಂದ ಬಂತು

ಆ ದಿನದಿಂದ ಈ 220ರ ಮೂಲ ಹುಡುಕುವುದು ನನಗೊಂದು ಹಟವಾಯಿತು. ಜಿಮ್ಮುಗಳ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿ, ಟ್ರೆಡ್‌ಮಿಲ್ಲಿನ ಫಲಕ, ಕೈಗಡಿಯಾರದೊಳಗಿನ ಲೆಕ್ಕ, ಎಲ್ಲ ಕಡೆ ಇದೇ ಇದೆ. ಇಷ್ಟು ಹರಡಿಕೊಂಡಿರುವ ಸೂತ್ರದ ಹಿಂದೆ ದೊಡ್ಡದೊಂದು ಪ್ರಯೋಗ ಇರಬೇಕೆಂದು ನಾನು ಎಣಿಸಿದ್ದೆ. ಇಲ್ಲ. 1970ರ ಸುಮಾರಿಗೆ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಹೃದ್ರೋಗಿಗಳಿಗೆ ಎಷ್ಟು ವ್ಯಾಯಾಮ ಹೇಳಬಹುದು ಎಂಬ ಚರ್ಚೆಗೆ ಸಿದ್ಧತೆ ಮಾಡುತ್ತಿದ್ದರು. ಅದಾಗಲೇ ಪ್ರಕಟವಾಗಿದ್ದ ಸುಮಾರು ಹತ್ತು ಅಧ್ಯಯನಗಳಿಂದ ವಯಸ್ಸು ಮತ್ತು ಗರಿಷ್ಠ ಬಡಿತದ ಅಂಕಿಗಳನ್ನು ಆರಿಸಿ ಒಂದು ನಕ್ಷೆಯಲ್ಲಿ ಚುಕ್ಕೆ ಇಟ್ಟರು. ಚುಕ್ಕೆಗಳ ನಡುವೆ ಹಾದುಹೋಗುವ ಗೆರೆ ಹೆಚ್ಚುಕಮ್ಮಿ 220ರಿಂದ ವಯಸ್ಸು ಕಳೆದ ಹಾಗೆ ಕಂಡಿತು. 1971ರ ಅವರ ಲೇಖನದಿಂದ ಅದು ಹೊರಟಿತು. ಎಲ್ಲರಿಗೂ ಅನ್ವಯಿಸುವ ನಿಯಮವೆಂದು ತಾವು ಅದನ್ನು ಹೇಳಿರಲಿಲ್ಲ ಎಂದು ಹ್ಯಾಸ್ಕೆಲ್ ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಬೇಕಾಯಿತು. ಬಾಯಲ್ಲೇ ಮಾಡಬಹುದಾದ ಲೆಕ್ಕವಾದ್ದರಿಂದ ಅದು ಉಳಿಯಿತು, ಬೆಳೆಯಿತು.

2001ರಲ್ಲಿ ತನಾಕ ಎಂಬ ಸಂಶೋಧಕರು ಮತ್ತು ಜೊತೆಗಾರರು 351 ಅಧ್ಯಯನಗಳನ್ನು ಒಟ್ಟುಗೂಡಿಸಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ನಲವತ್ತನೇ ವಯಸ್ಸಿನಲ್ಲಿ ಹಳೆಯದೂ ಹೊಸದೂ ಎರಡೂ 180 ಎನ್ನುತ್ತವೆ, ವಯಸ್ಸಾದಂತೆ ದೂರವಾಗುತ್ತವೆ. 70 ವರ್ಷದವರಿಗೆ ಹಳೆಯದು 150, ಹೊಸದು 159. 2010ರಲ್ಲಿ ಶಿಕಾಗೋದ ಹೃದ್ರೋಗ ತಜ್ಞೆ ಮಾರ್ಥಾ ಗುಲಾಟಿ ಅವರ ತಂಡ ಐದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿ, ಹೆಂಗಸರಿಗೆ 206ರಿಂದ ವಯಸ್ಸಿನ 0.88 ಪಾಲು ಕಳೆಯಬೇಕು ಎಂದಿತು. ನನಗೀಗ 47. ಮೂರೂ ಸೂತ್ರ ಹಾಕಿದರೆ ಕ್ರಮವಾಗಿ 173, 175, 165 ಬರುತ್ತದೆ. ಇದರಲ್ಲಿ ನನ್ನ ಎದೆ ಯಾವುದು? ಒಂದೇ ವಯಸ್ಸಿನ ಜನರಲ್ಲೇ ಮೂವರಲ್ಲಿ ಒಬ್ಬರ ನಿಜವಾದ ಗರಿಷ್ಠ ಬಡಿತ ಸೂತ್ರ ಹೇಳಿದ್ದಕ್ಕಿಂತ ಹತ್ತು ಹನ್ನೆರಡು ಬಡಿತಕ್ಕೂ ಹೆಚ್ಚು ಆಚೀಚೆ ಇರುತ್ತದೆ. ಅಂದ ಮೇಲೆ ಸೂತ್ರ ಒಂದು ಊರಿನ ಸರಾಸರಿಯನ್ನು ಹೇಳೀತು, ಆ ಊರಿನ ನನ್ನನ್ನು ಹೇಳಲಾರದು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಫಿನ್ಲೆಂಡಿನ ಮಾರ್ತಿ ಕಾರ್ವೊನೆನ್ ಅವರ ಹೆಸರಿನಲ್ಲಿರುವ ಲೆಕ್ಕ. ಅವರ 1957ರ ಅಧ್ಯಯನದಿಂದ ಬಂದದ್ದು. ಅದರಲ್ಲಿ ವಿಶ್ರಾಂತಿಯ ಬಡಿತವೂ ಸೇರುತ್ತದೆ. ಬೆಳಿಗ್ಗೆ ಎದ್ದು ಕಾಫಿಗೆ ಮೊದಲು ಹಾಸಿಗೆಯಲ್ಲೇ ಎಣಿಸಿದರೆ ನನ್ನದು 68. ಗರಿಷ್ಠ 173 ಎಂದುಕೊಂಡರೆ ನಡುವಿನ ಅಂತರ 105. ಅದರ ಶೇ 60 ಅಂದರೆ 63, ಅದಕ್ಕೆ 68 ಸೇರಿಸಿದರೆ 131. ಬರೀ 173ರ ಶೇ 60 ತೆಗೆದರೆ 104 ಬರುತ್ತಿತ್ತು, ಅಷ್ಟು ನಾನು ಮನೆ ಒರೆಸುವಾಗಲೇ ಮುಟ್ಟುತ್ತೇನೆ. ಗರಿಷ್ಠ ಮಿತಿ ಇಲ್ಲೂ ಅಂದಾಜೇ, ಒಪ್ಪುತ್ತೇನೆ. ಆದರೆ ಲೆಕ್ಕದ ಅರ್ಧ ಭಾಗವಾದರೂ ನನ್ನ ಮೈಯಿಂದ ಬಂದದ್ದು.

ಹೆಜ್ಜೆಯನ್ನು ಎಣಿಸಿದ ವಾಚು

ಗುರಿ ಸರಿಯಿದ್ದರೂ ಅಳತೆ ಸರಿಯಿರಬೇಕಲ್ಲ. ಮಳೆ ನಿಂತ ಒಂದು ಬೆಳಿಗ್ಗೆ ಗೆಳತಿಯ ಜೊತೆ ನಿಧಾನಕ್ಕೆ ಓಡುತ್ತಿದ್ದೆ. ಅವಳ ಸೊಸೆಯ ಬಾಣಂತನದ ಮಾತು ನಡೆದಿತ್ತು, ಇಬ್ಬರಿಗೂ ಉಸಿರು ಸಲೀಸಾಗಿತ್ತು. ವಾಚು ನೋಡಿದರೆ 168. ಗೆಳತಿಗೆ ಗಾಬರಿ. ನಿಂತು, ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿದೆ. 22. ಆರರಿಂದ ಗುಣಿಸಿದರೆ 132. ಅನುಮಾನ ಬಂದು ಮತ್ತೆ ಅದೇ ವೇಗದಲ್ಲಿ ಓಡುತ್ತಾ ಹೆಜ್ಜೆ ಎಣಿಸಿದೆ: ಹತ್ತು ಸೆಕೆಂಡಿಗೆ 28. ನಿಮಿಷಕ್ಕೆ 168! ವಾಚು ನನ್ನ ಎದೆಯನ್ನಲ್ಲ, ಕಾಲನ್ನು ಎಣಿಸಿತ್ತು.

ಈ ವಾಚುಗಳ ಬೆನ್ನಿನಲ್ಲಿ ಮಿನುಗುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿ ಇಳಿಯುವುದರಿಂದ ವಾಪಸು ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತವೇ ನಾಡಿ. ಆದರೆ ಓಡುವಾಗ ಕೈ ಕುಲುಕುವುದೂ ಒಂದು ಲಯದಲ್ಲೇ. ಪಟ್ಟಿ ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ ಕುಲುಕಾಟದ ಲಯವೇ ಬಲವಾಗಿ ಕಂಡು ವಾಚು ಅದನ್ನು ಹಿಡಿದುಬಿಡುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದೆರಡು ಬೆರಳು ಮೇಲೆ, ಬಳೆಗಳಿಂದ ದೂರ, ಬಿಗಿಯಾಗಿ ಕಟ್ಟಿದರೆ ಎಷ್ಟೋ ಸರಿಹೋಗುತ್ತದೆ. ಎದೆಗೆ ಕಟ್ಟುವ ಪಟ್ಟಿಯದು ಬೇರೆ ದಾರಿ, ಅದು ಇಸಿಜಿಯ ಹಾಗೆ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲಿ ಇಂಥ ತಂತಿಯಿಲ್ಲದ ಮಾಪಕವನ್ನು ತಂದಾಗ ಅದು ಕ್ರೀಡಾಪಟುಗಳ ಸಾಧನ. ಇವತ್ತಿಗೂ ನಿಖರತೆ ಬೇಕಾದವರು ಎದೆಪಟ್ಟಿಯನ್ನೇ ಕಟ್ಟುತ್ತಾರೆ. ಟ್ರೆಡ್‌ಮಿಲ್ಲಿನ ಹಿಡಿಕೆಯಲ್ಲಿರುವ ಲೋಹದ ಪಟ್ಟಿಯನ್ನು ನಾನು ನಂಬುವುದಿಲ್ಲ. ಅದನ್ನು ಹಿಡಿದು ಭಾರ ಬಿಟ್ಟ ಕೂಡಲೇ ಕಾಲಿನ ಕೆಲಸ ಕಡಿಮೆಯಾಗುತ್ತದೆ.

ಬೆರಳಿನ ಲೆಕ್ಕ ಎಲ್ಲರಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ತೋರುಬೆರಳು, ನಡುಬೆರಳು ಇಡಬೇಕು. ಹೆಬ್ಬೆರಳು ಬೇಡ, ಅದರೊಳಗೇ ಒಂದು ನಾಡಿ ಮಿಡಿಯುತ್ತಿರುತ್ತದೆ. ಕುತ್ತಿಗೆಯಲ್ಲಿ ಬೇಗ ಸಿಗುತ್ತದೆ, ನಿಜ. ಆದರೆ ಅಲ್ಲಿ ಒತ್ತಿದರೆ ಬಡಿತವೇ ಇಳಿಯಬಹುದು, ತಲೆ ಸುತ್ತಬಹುದು; ಎರಡೂ ಕಡೆ ಒಟ್ಟಿಗಂತೂ ಒತ್ತಲೇಬಾರದು. ನಿಂತ ಕೂಡಲೇ ಎಣಿಸಬೇಕು, ಹತ್ತು ಸೆಕೆಂಡು ಸಾಕು, ಯಾಕೆಂದರೆ ನಿಂತ ಮೇಲೆ ಬಡಿತ ಸರಸರ ಇಳಿಯುತ್ತದೆ. ವಿಶ್ರಾಂತಿಯ ಬಡಿತಕ್ಕಾದರೆ ಪೂರ್ತಿ ನಿಮಿಷ ಎಣಿಸುವ ತಾಳ್ಮೆ ಇರಲಿ. ಆ ಒಂದು ನಿಮಿಷದಲ್ಲಿ ಲಯ ತಪ್ಪಿದ್ದು, ಒಂದು ಬಡಿತ ಬಿಟ್ಟು ಎರಡು ಬಂದದ್ದು ಬೆರಳಿಗೆ ತಿಳಿಯುತ್ತದೆ. ಹಾಗೆ ಮತ್ತೆ ಮತ್ತೆ ಆದರೆ ಡಾಕ್ಟರಿಗೆ ತೋರಿಸಬೇಕು. ನಮ್ಮ ಅಜ್ಜಿಯ ಊರಿನ ಪಂಡಿತರು ಮೂರು ಬೆರಳಿಟ್ಟು ಕಣ್ಣುಮುಚ್ಚಿ ಕೂರುತ್ತಿದ್ದರು. ಹಾವಿನ ನಡೆ ವಾತ, ಕಪ್ಪೆಯ ನೆಗೆತ ಪಿತ್ತ, ಹಂಸದ ನಡೆ ಕಫ ಎಂಬ ಪರಂಪರೆ ಅವರದು. ಎಣಿಸುವ ಗೊಡವೆಯೇ ಅಲ್ಲಿರಲಿಲ್ಲ. ಗಡಿಯಾರ ಹಿಡಿದು ನಾಡಿ ಎಣಿಸುವ ಪದ್ಧತಿಗೆ ಇಂಗ್ಲೆಂಡಿನ ಜಾನ್ ಫ್ಲಾಯರ್ 1707ರಲ್ಲಿ ಪುಸ್ತಕ ಬರೆದು, ಅದಕ್ಕೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿದ. ಪಂಡಿತರ ನಿದಾನದ ಬಗ್ಗೆ ನಾನು ವಾದ ಮಾಡುವುದಿಲ್ಲ. ಆದರೆ ಬೆರಳಿಟ್ಟು ಸುಮ್ಮನೆ ಗಮನಿಸುವ ಆ ಅಭ್ಯಾಸ ನಮ್ಮ ಮನೆಗಳಿಂದ ಹೋಗಬಾರದಿತ್ತು.

46ರ ಭಯ

2021ರ ಅಕ್ಟೋಬರ್ 29ರ ಮೇಲೆ ಕರ್ನಾಟಕದಲ್ಲಿ ಎದೆಬಡಿತದ ಮಾತು ಮೊದಲಿನ ಹಾಗೆ ಉಳಿಯಲಿಲ್ಲ. ಅಪ್ಪು ಹೋದಾಗ ಅವರಿಗೆ 46. ಅಷ್ಟು ಗಟ್ಟಿಮುಟ್ಟಾದ ಮೈ, ಅಷ್ಟು ವ್ಯಾಯಾಮ, ಆದರೂ ಹೀಗಾಯಿತಲ್ಲ ಎಂಬ ಸಂಕಟ ಪ್ರತಿ ಮನೆಯಲ್ಲೂ ಇತ್ತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಜನ ಸಾಲುಗಟ್ಟಿದರು. 2025ರಲ್ಲಿ ಹಾಸನದಿಂದ ಹೃದಯಾಘಾತದ ಸಾವುಗಳ ಸುದ್ದಿಗಳು ಬಂದಾಗ ಮತ್ತೆ ಅದೇ ಸಾಲು. ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ ಆ ಮನುಷ್ಯನ 130ರ ಹಿಂದೆ ಇರುವುದು ಈ ಭಯವೇ ಎಂದು ನನಗನ್ನಿಸುತ್ತದೆ. ಆ ಭಯವನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಪರೀಕ್ಷೆ ಮಾಡಿಸಿಕೊಂಡದ್ದು ಒಳ್ಳೆಯದೇ. ಆದರೆ ವಾಚಿನ ಅಂಕಿ ಏರಿತೆಂದು ನಡಿಗೆಯನ್ನೇ ಬಿಟ್ಟವರು ನನ್ನ ನೆಂಟರಲ್ಲೇ ಇದ್ದಾರೆ. ಆರೋಗ್ಯವಂತ ಹೃದಯ ವ್ಯಾಯಾಮದಲ್ಲಿ ಏರಲೇಬೇಕು, ಏರುವುದೇ ಅದರ ಅಭ್ಯಾಸ. ಭಯಪಡಬೇಕಾದ ಗುರುತುಗಳು ಬೇರೆ: ಎದೆಯ ಮೇಲೆ ಭಾರ ಇಟ್ಟ ಹಾಗಾಗುವುದು, ಆ ನೋವು ತೋಳಿಗೋ ದವಡೆಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು, ಮಾಡಿದ ಕೆಲಸಕ್ಕೆ ಹೊಂದದ ಏದುಸಿರು, ತಣ್ಣನೆಯ ಬೆವರು. ಇವು ಬಂದರೆ ವಾಚು 90 ಎಂದರೂ ನಿಲ್ಲಬೇಕು, ಆಸ್ಪತ್ರೆಗೆ ಓಡಬೇಕು. ‘ಗ್ಯಾಸ್ ಇರಬೇಕು’ ಎಂದು ಮಜ್ಜಿಗೆ ಕುಡಿದು ಮಲಗಬಾರದು.

ಮೆಟ್ಟಿಲ ಮೇಲಿನ ಮಾತು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ಅಂಕಿಗಿಂತ ಮಾತನ್ನು ನಂಬುತ್ತೇನೆ. ಪೂರ್ತಿ ವಾಕ್ಯ ಆಡಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಅಂದರೆ ಅದು ಹದವಾದ ವ್ಯಾಯಾಮ. ಎರಡು ಮೂರು ಶಬ್ದಕ್ಕೇ ಉಸಿರು ಬೇಕೆಂದರೆ ಜೋರಾದದ್ದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇದನ್ನೇ 6ರಿಂದ 20ರವರೆಗಿನ ಮಾಪಕವಾಗಿ ಮಾಡಿದರು. ನಿಮಗೆ ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು ನೀವೇ ಹೇಳಬೇಕು. ಆರೋಗ್ಯವಂತ ತರುಣರಲ್ಲಿ ಆ ಅಂಕಿಯ ಹತ್ತುಪಟ್ಟು ಸುಮಾರಾಗಿ ಎದೆಬಡಿತಕ್ಕೆ ಹೊಂದುತ್ತದೆ. ಚಿಕ್ಕಪ್ಪನಂಥ, ಮಾತ್ರೆ ತೆಗೆದುಕೊಳ್ಳುವವರಿಗೆ ಆ ಹತ್ತುಪಟ್ಟಿನ ಲೆಕ್ಕ ಹೊಂದದು, ಆದರೆ ‘ಸ್ವಲ್ಪ ಕಷ್ಟ’ ಎಂಬ ಅವರ ಮಾತು ಸುಳ್ಳಾಗದು. ಹೃದ್ರೋಗಿಗಳ ವ್ಯಾಯಾಮದಲ್ಲಿ ಇಂದಿಗೂ ಆ ಮಾತಿಗೆ ಬೆಲೆಯಿದೆ.

ಆಷಾಢ ಶುಕ್ರವಾರ ಆ ಮೆಟ್ಟಿಲುಗಳ ಮೇಲೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತಾ ಹತ್ತುವ ಹೆಂಗಸರನ್ನು ನೋಡಬೇಕು. ಅರವತ್ತು ದಾಟಿದವರೂ ಇರುತ್ತಾರೆ. ಬಗ್ಗುವುದು, ಏಳುವುದು, ಒಂದು ಹೆಜ್ಜೆ, ಮತ್ತೆ ಬಗ್ಗುವುದು. ಪಕ್ಕದಲ್ಲಿ ಜಿಗಿಯುತ್ತಾ ಹೋದ ಹುಡುಗರು ನಂದಿಯ ಹತ್ತಿರ ಬರುವ ಮೊದಲೇ ಕೂತು ಉಸಿರೆಳೆಯುತ್ತಿದ್ದರೆ, ಇವರು ನಿಲ್ಲದೆ ಹತ್ತುತ್ತಿರುತ್ತಾರೆ. ಹರಕೆಯ ಕೆಲಸವೇ ಅವರ ವೇಗವನ್ನು ಹದದಲ್ಲಿ ಹಿಡಿದಿಡುತ್ತದೆ. ಹಾಗೆಂದು ಮೈ ಯಾವಾಗಲೂ ಒಂದೇ ಹದದಲ್ಲಿರುತ್ತದೆ ಎಂದೂ ಅಲ್ಲ. ಏಪ್ರಿಲ್ ಬಿಸಿಲಿನಲ್ಲಿ, ನೀರು ಸಾಲದಿದ್ದಾಗ, ಅದೇ ವೇಗಕ್ಕೆ ಬಡಿತ ಏರುತ್ತಾ ಹೋಗುತ್ತದೆ; ಬೆವರಿ ರಕ್ತದ ಪ್ರಮಾಣ ಇಳಿದು, ಚರ್ಮಕ್ಕೂ ರಕ್ತ ಹಂಚಬೇಕಾಗಿ, ಪ್ರತಿ ಬಡಿತದಲ್ಲಿ ಹೃದಯ ಕಳಿಸುವ ರಕ್ತ ಕಡಿಮೆಯಾಗುವುದರಿಂದ ಹಾಗೆ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ನಡೆಯುವವರು ಮಡಿಕೇರಿಯಲ್ಲಿ ನಡೆಯುವವರ ಅಂಕಿಗೆ ಹೋಲಿಸಿಕೊಂಡು ಕೊರಗಬೇಕಾಗಿಲ್ಲ. ಜ್ವರ ಬಂದು ಬಿಟ್ಟ ವಾರ, ನಿದ್ದೆಗೆಟ್ಟ ಮಾರನೆಯ ದಿನ ಕೂಡ ಅಂಕಿ ಮೇಲೇ ಇರುತ್ತದೆ. ಆ ದಿನ ಗುರಿ ಬೇಗ ಮುಟ್ಟಿತೆಂದು ಹಿಗ್ಗುವುದೂ ಬೇಡ.

ಇಳಿಯುವ ಅಂಕಿ

ಈಗ ಚಿಕ್ಕಪ್ಪನ ಡೈರಿಯಲ್ಲಿ ಎರಡು ಕಾಲಂ ಇವೆ. ಬಿರುಸಿನ ನಡಿಗೆ ಮುಗಿದ ಕೂಡಲೇ ಎಷ್ಟು, ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಒಂದು ನಿಮಿಷ ಕಳೆದ ಮೇಲೆ ಎಷ್ಟು. 1999ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಟ್ರೆಡ್‌ಮಿಲ್ ಪರೀಕ್ಷೆಯ ನಂತರದ ಮೊದಲ ನಿಮಿಷದಲ್ಲಿ ಬಡಿತ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ಆರು ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು. ಎಷ್ಟು ಏರಿತು ಎನ್ನುವುದರ ಜೊತೆಗೆ ಎಷ್ಟು ಬೇಗ ಇಳಿಯಿತು ಎನ್ನುವುದೂ ಹೃದಯ, ನರಗಳ ಆರೋಗ್ಯ ಹೇಳುತ್ತದೆ. ಮನೆಯಲ್ಲಿ ಎಣಿಸಿದ್ದು ಪರೀಕ್ಷೆಗೆ ಸಮವಲ್ಲ, ಒಂದು ದಿನದ ಅಂಕಿ ನೋಡಿ ಹೆದರುವುದೂ ಸಲ್ಲ. ಆದರೆ ತಿಂಗಳುಗಟ್ಟಲೆ ಬರೆದಿಟ್ಟ ಎರಡನೆಯ ಕಾಲಂ ಚಿಕ್ಕಪ್ಪನಿಗೆ ಮೊದಲನೆಯದು ಕೊಡದಿದ್ದ ಸಮಾಧಾನ ಕೊಟ್ಟಿದೆ. ಅಲ್ಲಿ ಅವರು ಹೋಲಿಸಿಕೊಳ್ಳುವುದು ತಮ್ಮ ಕಳೆದ ತಿಂಗಳಿನ ಜೊತೆಗೆ ಮಾತ್ರ.

ನನಗೆ ಉಳಿದಿರುವ ಬೇಸರ ಒಂದೇ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಹಾಳೆಯಲ್ಲಿ ಮಾತ್ರೆಯ ಹೆಸರು, ಹೊತ್ತು, ಉಪ್ಪು ಎಷ್ಟು, ಎಣ್ಣೆ ಎಷ್ಟು ಎಲ್ಲ ಇರುತ್ತದೆ. ‘ಬಿರುಸಾಗಿ ನಡೆಯಿರಿ’ ಎಂದೂ ಇರುತ್ತದೆ. ‘ಈ ಮಾತ್ರೆ ತೆಗೆದುಕೊಳ್ಳುವವರೆಗೆ ನಡಿಗೆಯಲ್ಲಿ ನಿಮ್ಮ ನಾಡಿ ಇಷ್ಟರಿಂದ ಇಷ್ಟರ ಒಳಗಿರಲಿ, ಬೇರೆಯವರ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಟ್ಟಿದ್ದರೆ ಲೆಕ್ಕದ ಮೇಷ್ಟರೊಬ್ಬರು ವಾರಗಟ್ಟಲೆ ಸಿಗದ ಅಂಕಿಯ ಹಿಂದೆ ಓಡುತ್ತಿರಲಿಲ್ಲ. ಮುಂದಿನ ತಪಾಸಣೆಗೆ ಚಿಕ್ಕಪ್ಪನ ಜೊತೆ ನಾನೂ ಹೋಗುತ್ತಿದ್ದೇನೆ. ಆ ಸಾಲನ್ನು ಎಲ್ಲ ರೋಗಿಗಳ ಹಾಳೆಯಲ್ಲೂ ಸೇರಿಸಲು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಬೇಕು. ಹೇಗೆ ಬರೆದರೆ ಓದುವವರಿಗೆ ತಿಳಿಯುತ್ತದೆ ಎಂದು ಚಿಕ್ಕಪ್ಪ ಆಗಲೇ ಡೈರಿಯ ಕೊನೆಯ ಪುಟದಲ್ಲಿ ಒಂದು ಕರಡು ಮಾಡಿಟ್ಟಿದ್ದಾರೆ.